ಬೇರೆ ಗಾಡಿಯ ಥ್ರಾಟಲ್ ಸೆನ್ಸರ್ ಹೊಸ ಈಸಿಯುಗೆ ಹೊಂದುತ್ತದೆಯೇ?

ಪ್ರಶ್ನೆ: ನಾನು ಮೂಲತಃ ಜಮಖಂಡಿ ಕಡೆಯವನು. ಈಗ ಪುಣೆಯ ಚಿಂಚವಡದಲ್ಲಿ ಮನೆ, ಭೋಸರಿ ಎಂಐಡಿಸಿಯಲ್ಲಿ ಕೆಲಸ. ಅಪ್ಪನ ಕಾಲದ ಪ್ರೀಮಿಯರ್ ಪದ್ಮಿನಿಯ ಕಾರ್ಬುರೇಟರ್ ತೆಗೆದು ಇಂಜೆಕ್ಷನ್ ಹಾಕುತ್ತಿದ್ದೇನೆ. ಈಸಿಯು, ಅಂದರೆ ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಆಗಿ ಸ್ಪೀಡುಯಿನೊ ಬೋರ್ಡ್ ನಾನೇ ಜೋಡಿಸಿದ್ದೇನೆ, ಮ್ಯಾನಿಫೋಲ್ಡ್ (ಇಂಜಿನ್‌ಗೆ ಗಾಳಿ ಹೋಗುವ ಕೊಳವೆ) ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಕೂತಿದೆ. ಥ್ರಾಟಲ್ ಬಾಡಿ ಜುನಾ ಬಜಾರ್‌ನಲ್ಲಿ ಸಿಕ್ಕ ಹಳೆಯ ಮಾಲು, ಕೇಬಲ್‌ನಿಂದ ತೆರೆಯುವಂಥದ್ದು. ಥ್ರಾಟಲ್ ಎಷ್ಟು ತೆರೆದಿದೆ ಎಂದು ಹೇಳುವ ಅದರ ಥ್ರಾಟಲ್ ಪೊಸಿಷನ್ ಸೆನ್ಸರ್ ಒಡೆದಿದೆ. ಬಿಡಿಯಾಗಿ ಸಿಗುವುದಿಲ್ಲ, ಪೂರ್ತಿ ಬಾಡಿಯನ್ನೇ ಕೊಳ್ಳಿ ಎನ್ನುತ್ತಾರೆ. ಈಗ ಕೈಯಲ್ಲಿ ಬೇರೆ ಬೇರೆ ಗಾಡಿಗಳ ಮೂರು ಸೆನ್ಸರ್ ಇವೆ. ಒಂದಕ್ಕೆ ಮೂರು ಪಿನ್, ನಡುವೆ ಡಿ ಆಕಾರದ ತೂತು. ಎರಡನೆಯದಕ್ಕೆ ನಾಲ್ಕು ಪಿನ್. ಮೂರನೆಯದಕ್ಕೂ ಮೂರೇ ಪಿನ್, ಆದರೆ ತಿರುಗಿಸಿದರೆ ಟಿಕ್ ಎನ್ನುತ್ತದೆ. ಇವುಗಳಲ್ಲಿ ಯಾವುದು ಈಸಿಯುಗೆ ಹೊಂದುತ್ತದೆ? ಓಮ್ ಲೆಕ್ಕ ಒಂದೇ ಇರಬೇಕೇ? ಡಿ ತೂತಿನದು ಉಲ್ಟಾ ದಿಕ್ಕಿಗೆ ತಿರುಗುತ್ತದೆ, ಅದನ್ನು ಬಳಸಬಹುದೇ?

ಉತ್ತರ: ಈಸಿಯುಗೆ ಯಾವುದು ಹೊಂದುತ್ತದೆ ಎಂದು ಕೇಳಿದ್ದೀರಿ. ಸ್ಪಿಂಡಲ್‌ಗೆ, ಅಂದರೆ ಥ್ರಾಟಲ್ ಜೊತೆ ತಿರುಗುವ ಕಡ್ಡಿಗೆ, ಯಾವುದು ಹೊಂದುತ್ತದೆ ಎಂಬ ಪ್ರಶ್ನೆಯೇ ಬಂದಿಲ್ಲ. ನಿಜವಾದ ಕೆಲಸ ಇರುವುದು ಅಲ್ಲೇ. ನೀವು ಕಟ್ಟಿದಂಥ ಈಸಿಯುಗೆ ಬೇಕಾಗಿರುವುದು ಇಷ್ಟೇ: ಥ್ರಾಟಲ್ ಮುಚ್ಚಿದಾಗ ಕಡಿಮೆ ವೋಲ್ಟೇಜ್, ತೆರೆಯುತ್ತ ಹೋದಂತೆ ಏಕಪ್ರಕಾರವಾಗಿ ಏರಬೇಕು, ನಡುವೆ ಎಲ್ಲೂ ಕಡಿಯಬಾರದು. ಆ ಸೆನ್ಸರ್ ಯಾವ ಕಂಪನಿಯದು, ಯಾವ ಗಾಡಿಯದು ಎಂದು ಅದು ಕೇಳುವುದಿಲ್ಲ. ಸ್ಪಿಂಡಲ್ ಹಾಗಲ್ಲ. ಅರ್ಧ ಮಿಲಿಮೀಟರ್ ಓರೆಯಾದರೂ ಅದು ತಕರಾರು ತೆಗೆಯುತ್ತದೆ, ಮತ್ತು ಆ ತಕರಾರು ಕಾಣಿಸಿಕೊಳ್ಳುವುದು ಗಾಡಿ ಓಡುತ್ತಿರುವಾಗ, ಆಕ್ಸಿಲರೇಟರ್ ಬಿಟ್ಟರೂ ರೇಸ್ ಇಳಿಯದೆ.

ಮೊದಲು ಕೈಯಲ್ಲಿರುವ ಮೂರನ್ನು ನೋಡೋಣ.

ಟಿಕ್ ಎನ್ನುವುದನ್ನು ಪಕ್ಕಕ್ಕಿಡಿ. ಅದು ಸೆನ್ಸರ್ ಅಲ್ಲ, ಥ್ರಾಟಲ್ ಸ್ವಿಚ್. ಹಳೆಯ ಇಂಜೆಕ್ಷನ್ ಗಾಡಿಗಳಲ್ಲಿ ಈಸಿಯುಗೆ ಎರಡೇ ಸಂಗತಿ ಗೊತ್ತಾದರೆ ಸಾಕಿತ್ತು: ಥ್ರಾಟಲ್ ಪೂರ್ತಿ ಮುಚ್ಚಿದೆಯೇ, ಪೂರ್ತಿ ತೆರೆದಿದೆಯೇ. ಅದಕ್ಕೆ ಒಳಗೆ ಎರಡು ಕಾಂಟ್ಯಾಕ್ಟ್ ಇರುತ್ತವೆ, ಮೂರನೆಯ ಪಿನ್ ಎರಡಕ್ಕೂ ಸಾಮಾನ್ಯ. ಹೊರಗಿನಿಂದ ನೋಡಿದರೆ ಸೆನ್ಸರ್‌ನಂತೆಯೇ ಇರುತ್ತದೆ, ಸ್ಕ್ರೂ ತೂತುಗಳೂ ಹಾಗೆಯೇ. ಹಳೆ ಸಾಮಾನಿನ ರಾಶಿಯಲ್ಲಿ ಎರಡೂ ಬೆರೆತುಹೋಗುವುದು ಇದರಿಂದಲೇ. ಮೀಟರ್ ಹಚ್ಚಿದರೆ ಒಂದು ಕ್ಷಣದಲ್ಲಿ ಗುಟ್ಟು ಬಯಲಾಗುತ್ತದೆ: ಓಮ್ ಮೆಲ್ಲಗೆ ಏರುವುದಿಲ್ಲ, ಇದ್ದರೆ ಸೊನ್ನೆ, ಇಲ್ಲದಿದ್ದರೆ ಓಪನ್.

ನಾಲ್ಕು ಪಿನ್ನಿನದು ಉಪಯೋಗಕ್ಕೆ ಬರುತ್ತದೆ. ಸಾಮಾನ್ಯವಾಗಿ ಇವುಗಳಲ್ಲಿ ಮೂರು ಪಿನ್ ಪೊಟೆನ್ಷಿಯೋಮೀಟರ್‌ನದು (ತಿರುಗಿಸಿದಂತೆ ರೆಸಿಸ್ಟೆನ್ಸ್ ಬದಲಾಗುವ ಭಾಗ), ನಾಲ್ಕನೆಯದು ಥ್ರಾಟಲ್ ಮುಚ್ಚಿದ್ದನ್ನು ತಿಳಿಸುವ ಐಡಲ್ ಸ್ವಿಚ್‌ನದು. ಟೊಯೊಟಾದ ಹಳೆಯ ಸೆನ್ಸರ್‌ಗಳ ನಾಲ್ಕು ಪಿನ್‌ಗಳಲ್ಲಿ ಒಂದು ಐದು ವೋಲ್ಟ್, ಒಂದು ಸಿಗ್ನಲ್, ಒಂದು ಐಡಲ್, ಒಂದು ಗ್ರೌಂಡ್. ನಿಮ್ಮದರಲ್ಲಿ ಐಡಲ್ ಪಿನ್ ಯಾವುದು ಎಂದು ಹುಡುಕುವುದು ಸುಲಭ. ಸೆನ್ಸರ್ ಮುಚ್ಚಿದ ಸ್ಥಿತಿಯಲ್ಲಿರುವಾಗ ಗ್ರೌಂಡ್ ಪಿನ್ ಜೊತೆ ಕಂಟಿನ್ಯುಟಿ ತೋರಿಸಿ, ಕೊಂಚ ತಿರುಗಿಸುತ್ತಲೇ ಕಡಿದುಹೋಗುವುದೇ ಅದು. ಅದಕ್ಕೆ ವೈರ್ ಬೇಡ, ಖಾಲಿ ಬಿಡಿ. ಥ್ರಾಟಲ್ ಮುಚ್ಚಿದೆ ಎಂಬುದನ್ನು ಸ್ಪೀಡುಯಿನೊ ಸಿಗ್ನಲ್‌ನಿಂದಲೇ ತಿಳಿಯುತ್ತದೆ.

ಇನ್ನು ಡಿ ತೂತಿನದು. ನಾನಾದರೆ ಇದನ್ನೇ ಆರಿಸುತ್ತಿದ್ದೆ. ಕಾರಣ ಒಳಗಿನ ಗುಣಮಟ್ಟವಲ್ಲ, ಮತ್ತೆ ಸಿಗುತ್ತದೆ ಎಂಬುದು. ಡಿ ಆಕಾರದ ಸ್ಪಿಂಡಲ್‌ಗೆ ಕೂರುವ ಬಾಷ್ ಮಾದರಿಯ ಸೆನ್ಸರ್ ಎಷ್ಟೋ ಗಾಡಿಗಳಲ್ಲಿ ಬಂದಿದೆ, ರೇಸಿಂಗ್ ಥ್ರಾಟಲ್ ಬಾಡಿ ಮಾಡುವವರೂ ಅದೇ ಅಳತೆಗೆ ಸ್ಪಿಂಡಲ್ ಕಡಿಯುತ್ತಾರೆ. ನಾಲ್ಕು ವರ್ಷ ಬಿಟ್ಟು ಇದು ಸವೆದರೆ ನಾನಾ ಪೇಠದ ಬಿಡಿಭಾಗದ ಅಂಗಡಿಗಳಿಗೆ ಹೋಗಿ ಕೇಳಬಹುದು. ಯಾವ ಗಾಡಿಯದೋ ಗೊತ್ತಿಲ್ಲದ ಸೆನ್ಸರ್‌ಗೆ ಅಡಾಪ್ಟರ್ ಕಡಿದು ಕೂತರೆ, ಅದು ಕೆಟ್ಟ ದಿನ ಅಡಾಪ್ಟರ್ ಕೂಡ ಗುಜರಿಗೆ.

ಓಮ್ ಒಂದೇ ಇರಬೇಕೇ ಎಂದು ಕೇಳಿದ್ದೀರಿ. ಬೇಕಿಲ್ಲ. ಈ ಸೆನ್ಸರ್‌ಗಳ ಒಟ್ಟು ರೆಸಿಸ್ಟೆನ್ಸ್ ಸಾಮಾನ್ಯವಾಗಿ 1 ಕಿಲೊಓಮ್‌ನಿಂದ 10 ಕಿಲೊಓಮ್ ಒಳಗಿರುತ್ತದೆ. ಈಸಿಯು ಅಳೆಯುವುದು ಓಮ್ ಅಲ್ಲ, ವೋಲ್ಟೇಜಿನ ಪ್ರಮಾಣ: ಐದು ವೋಲ್ಟ್‌ನಲ್ಲಿ ಎಷ್ಟು ಭಾಗ ವೈಪರ್‌ಗೆ, ಅಂದರೆ ಒಳಗಿನ ರೆಸಿಸ್ಟೆನ್ಸ್ ಟ್ರ್ಯಾಕಿನ ಮೇಲೆ ಜಾರುವ ಕಾಂಟ್ಯಾಕ್ಟ್‌ಗೆ, ಬಂತು ಎಂಬುದು. 2 ಕಿಲೊಓಮ್ ಆದರೂ ಅರ್ಧ ತಿರುಗಿಸಿದರೆ ಎರಡೂವರೆ ವೋಲ್ಟ್, 5 ಕಿಲೊಓಮ್ ಆದರೂ ಅಷ್ಟೇ. 1 ಕಿಲೊಓಮ್‌ನದು 5 ಮಿಲಿಆಂಪ್ ಎಳೆಯುತ್ತದೆ, ಅದೂ ಬೋರ್ಡ್‌ಗೆ ಭಾರವಲ್ಲ.

ಪ್ರಮಾಣದ ಈ ಮಾತಿನಿಂದಲೇ ಇನ್ನೊಂದು ಎಚ್ಚರಿಕೆ. ಸೆನ್ಸರ್‌ಗೆ ಐದು ವೋಲ್ಟ್ ಕೊಡಲು ತಪಕೀರ್ ಗಲ್ಲಿಯಿಂದ ಒಂದು 7805 ರೆಗ್ಯುಲೇಟರ್ ತಂದು ಬೇರೆಯಾಗಿ ಕಟ್ಟುವವರಿದ್ದಾರೆ. ಬೇಡ. ಈಸಿಯು ತನ್ನದೇ ಐದು ವೋಲ್ಟನ್ನು ಅಳತೆಗೋಲಾಗಿ ಇಟ್ಟುಕೊಂಡಿರುತ್ತದೆ. ಅದು 4.9ಕ್ಕೆ ಇಳಿದರೆ ಸೆನ್ಸರ್‌ನ ಸಿಗ್ನಲ್ಲೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ, ಲೆಕ್ಕ ತಪ್ಪುವುದಿಲ್ಲ. ಬೇರೆ ರೆಗ್ಯುಲೇಟರ್ ಹಾಕಿದರೆ ಎರಡೂ ತಮ್ಮ ತಮ್ಮ ದಾರಿ ಹಿಡಿಯುತ್ತವೆ, ಥ್ರಾಟಲ್ ಅಲುಗದಿದ್ದರೂ ಅಂಕಿ ಅಲುಗುತ್ತದೆ. ಹನ್ನೆರಡು ವೋಲ್ಟ್ ಅಂತೂ ಹತ್ತಿರಕ್ಕೂ ಸುಳಿಯಬಾರದು, ಸಿಗ್ನಲ್ ವೈರಿನ ಮೂಲಕ ಅದು ಬೋರ್ಡ್‌ನ ಪ್ರೊಸೆಸರ್‌ಗೇ ಕೈ ಹಾಕುತ್ತದೆ.

ಪಿನ್ ಗುರುತಿಸಲು ವೈರಿನ ಬಣ್ಣ ನಂಬಬೇಡಿ. ಮೂರು ಪಿನ್‌ಗಳನ್ನು ಎರಡೆರಡಾಗಿ ಅಳೆಯಿರಿ. ಯಾವ ಜೋಡಿಯ ಓಮ್ ತಿರುಗಿಸಿದರೂ ಬದಲಾಗುವುದಿಲ್ಲವೋ ಅವೆರಡೂ ಟ್ರ್ಯಾಕಿನ ತುದಿಗಳು, ಉಳಿದದ್ದು ವೈಪರ್. ಈಗ ಸೆನ್ಸರನ್ನು ಥ್ರಾಟಲ್ ಮುಚ್ಚಿದ ಸ್ಥಿತಿಗೆ ತಂದು ವೈಪರ್‌ನಿಂದ ಎರಡೂ ತುದಿಗಳಿಗೆ ಅಳೆಯಿರಿ. ಓಮ್ ಕಡಿಮೆ ಬಂದ ತುದಿ ಗ್ರೌಂಡ್‌ಗೆ, ಹೆಚ್ಚು ಬಂದದ್ದು ಐದು ವೋಲ್ಟ್‌ಗೆ. ಕಡಿಮೆ ಎಂದರೆ ಸೊನ್ನೆಯೇ ಬರಬೇಕೆಂದಿಲ್ಲ. ಬಾಷ್‌ನವುಗಳಲ್ಲಿ ವೈಪರ್‌ಗೆ ಸರಣಿಯಲ್ಲಿ ಒಂದು ರಕ್ಷಣಾ ರೆಸಿಸ್ಟರ್ ಇರುತ್ತದೆ, ಹಾಗಾಗಿ ತುದಿಯಲ್ಲೂ ಸಾವಿರ ಓಮ್ ಆಸುಪಾಸು ತೋರಿಸಬಹುದು. ಅದನ್ನು ನೋಡಿ ಸೆನ್ಸರ್ ಕೆಟ್ಟಿದೆ ಎಂದು ಬಿಸಾಡಿದವರನ್ನು ಕಂಡಿದ್ದೇನೆ.

ಸವೆತ ನೋಡಲು ಡಿಜಿಟಲ್ ಮೀಟರ್‌ಗಿಂತ ಹಳೆಯ ಮುಳ್ಳಿನ ಮೀಟರ್ ಮೇಲು. ಡಿಜಿಟಲ್ಲಿನ ಅಂಕಿ ಕಣ್ಣಿಗೆ ಕಾಣುವಷ್ಟರಲ್ಲಿ ಕೆಟ್ಟ ಜಾಗ ದಾಟಿಹೋಗಿರುತ್ತದೆ. ಮುಳ್ಳಿನದರಲ್ಲಿ ಸೆನ್ಸರನ್ನು ಬಹಳ ನಿಧಾನವಾಗಿ ತಿರುಗಿಸಿ: ಮುಳ್ಳು ಎಣ್ಣೆ ಸುರಿದಂತೆ ಏರಬೇಕು. ಮೊದಲ ಕಾಲು ಭಾಗದಲ್ಲಿ, ಅಂದರೆ ಐಡಲ್‌ನಿಂದ ಹೆದ್ದಾರಿಯ ನಿಧಾನ ಓಟದವರೆಗಿನ ಜಾಗದಲ್ಲಿ, ಗಮನ ಹೆಚ್ಚಿರಲಿ. ಗಾಡಿ ತನ್ನ ಆಯುಷ್ಯವನ್ನೆಲ್ಲ ಕಳೆಯುವುದು ಅಲ್ಲೇ, ಕಾರ್ಬನ್ ಟ್ರ್ಯಾಕ್ ಸವೆಯುವುದೂ ಅಲ್ಲೇ. ಅಲ್ಲಿ ಮುಳ್ಳು ಒಮ್ಮೆ ಬೆಚ್ಚಿದರೂ ಆ ಸೆನ್ಸರ್ ಬೇಡ. ಅಂಗಡಿಯ ಕಟ್ಟೆಯ ಮೇಲೆಯೇ ಈ ಪರೀಕ್ಷೆ ಮಾಡಿ. ನಾನಾ ಪೇಠದಲ್ಲಿ ಮರಾಠಿಯಲ್ಲಿ ಎರಡು ಮಾತಾಡಿದರೆ ಹೆಚ್ಚಿನವರು ಬೇಡ ಎನ್ನುವುದಿಲ್ಲ, ಡಬ್ಬಿಯ ಮೇಲೆ ಹೆಸರಿಲ್ಲದ ಮಾಲು ಮಾರುವವರು ಮಾತ್ರ ಮುಖ ಸಿಂಡರಿಸುತ್ತಾರೆ. ಅಲ್ಲಿ ಕೊಳ್ಳದಿರಲು ಅಷ್ಟೇ ಸಾಕು.

ಇನ್ನೊಂದು ಬಗೆಯ ಸೆನ್ಸರ್ ಇದೆ, ಕಾಂಟ್ಯಾಕ್ಟ್ ಇಲ್ಲದ್ದು, ಆಯಸ್ಕಾಂತ ಮತ್ತು ಹಾಲ್ ಚಿಪ್ ಇರುವಂಥದ್ದು. ಇದು ಸವೆಯುವುದಿಲ್ಲ, ಒಳ್ಳೆಯದೇ. ಆದರೆ ಓಮ್ ಮೀಟರ್‌ನಲ್ಲಿ ಇದನ್ನು ಪರೀಕ್ಷಿಸಲಾಗುವುದಿಲ್ಲ, ಐದು ವೋಲ್ಟ್ ಕೊಟ್ಟು ಸಿಗ್ನಲ್ ಅಳೆಯಬೇಕು. ಇದಕ್ಕೆ ಐದು ವೋಲ್ಟ್ ಮತ್ತು ಗ್ರೌಂಡ್ ಅದಲುಬದಲು ಮಾಡಿದರೆ ಚಿಪ್ ಸುಟ್ಟುಹೋಗುವ ಸಾಧ್ಯತೆ ಇದೆ. ಹಾಗೆಯೇ, ಕೇಬಲ್ ಇಲ್ಲದೆ ಮೋಟರ್‌ನಿಂದ ತೆರೆಯುವ ಆರು ಪಿನ್ನಿನ ಥ್ರಾಟಲ್ ಬಾಡಿ ಅಗ್ಗಕ್ಕೆ ಸಿಕ್ಕಿತೆಂದು ಯಾರಾದರೂ ಕೊಡಲು ಬಂದರೆ ಕೈ ಮುಗಿದುಬಿಡಿ. ಅದನ್ನು ಓಡಿಸಲು ಬೇರೆಯೇ ಕಂಟ್ರೋಲರ್ ಬೇಕು, ಅದು ನಿಮ್ಮ ಈ ಕೆಲಸದ ವ್ಯಾಪ್ತಿಯದಲ್ಲ.

ಈಗ ಉಲ್ಟಾ ದಿಕ್ಕಿನ ವಿಷಯ. ಇದರಲ್ಲಿ ಎರಡು ಪ್ರಶ್ನೆ ಹೆಣೆದುಕೊಂಡಿವೆ.

ವಿದ್ಯುತ್ತಿನ ಮಟ್ಟಿಗೆ ಉತ್ತರ ಸಲೀಸು. ಬರಿಯ ಪೊಟೆನ್ಷಿಯೋಮೀಟರ್ ಆಗಿದ್ದರೆ ಐದು ವೋಲ್ಟ್ ಮತ್ತು ಗ್ರೌಂಡ್ ವೈರ್ ಅದಲುಬದಲು ಮಾಡಿ, ಇಳಿಯುತ್ತಿದ್ದ ವೋಲ್ಟೇಜ್ ಏರತೊಡಗುತ್ತದೆ. ಐಡಲ್ ಸ್ವಿಚ್ ಇರುವ ನಾಲ್ಕು ಪಿನ್ನಿನದಕ್ಕೆ ಇದು ಸಲ್ಲದು, ಸ್ವಿಚ್‌ನ ಒಂದು ಕಾಲು ಗ್ರೌಂಡ್‌ನಲ್ಲಿರುತ್ತದೆ. ಸ್ಪೀಡುಯಿನೊ ತಲೆಕೆಳಗಾದ ಕ್ಯಾಲಿಬ್ರೇಶನ್ ಒಪ್ಪಿಕೊಳ್ಳುತ್ತದೆ, ಮುಚ್ಚಿದಾಗ ದೊಡ್ಡ ಅಂಕಿ, ತೆರೆದಾಗ ಸಣ್ಣದು ಎಂದು ಕೊಟ್ಟರೂ ಲೆಕ್ಕ ಹಾಕಿಕೊಳ್ಳುತ್ತದೆ. ಆದರೂ ವೈರನ್ನೇ ಬದಲಿಸಿ ಎನ್ನುತ್ತೇನೆ. ತಲೆಕೆಳಗಾಗಿ ಬಿಟ್ಟರೆ, ಸಿಗ್ನಲ್ ವೈರ್ ಎಲ್ಲಾದರೂ ಬಾಡಿಗೆ ತಾಗಿದ ಕ್ಷಣ ಸೊನ್ನೆ ವೋಲ್ಟ್, ಅಂದರೆ ಈಸಿಯು ಕಣ್ಣಿಗೆ ಪೂರ್ತಿ ತೆರೆದ ಥ್ರಾಟಲ್.

ಯಂತ್ರದ ಮಟ್ಟಿಗೆ ಕತೆ ಬೇರೆ. ಸೆನ್ಸರ್ ಒಳಗೆ ಸ್ಪ್ರಿಂಗ್ ಇದೆಯೇ ನೋಡಿ, ಬೆರಳಿನಿಂದ ತಿರುಗಿಸಿ ಬಿಟ್ಟರೆ ತಾನೇ ಹಿಂದಕ್ಕೆ ಬರುತ್ತದೆಯೇ ಎಂದು. ಸ್ಪ್ರಿಂಗ್ ಇಲ್ಲದಿದ್ದರೆ ಯಾವ ದಿಕ್ಕಾದರೂ ಆದೀತು, ಎರಡೂ ತುದಿಯಲ್ಲಿ ಜಾಗ ಇದ್ದರೆ ಸಾಕು. ಸ್ಪ್ರಿಂಗ್ ಇದ್ದು ದಿಕ್ಕು ಉಲ್ಟಾ ಆದರೆ ಎತ್ತು ಏರಿಗೆ, ಕೋಣ ನೀರಿಗೆ: ಥ್ರಾಟಲ್‌ನ ಸ್ಪ್ರಿಂಗ್ ಮುಚ್ಚಲು ಎಳೆಯುತ್ತಿರುವಾಗ ಸೆನ್ಸರ್‌ನದು ತೆರೆಯಲು ತಳ್ಳುತ್ತಿರುತ್ತದೆ. ಥ್ರಾಟಲ್ ಸ್ಪ್ರಿಂಗ್ ಬಲವಾಗಿರುವಷ್ಟು ದಿನ ಏನೂ ಗೊತ್ತಾಗುವುದಿಲ್ಲ. ಹಳೆಯ ಬಾಡಿಯ ಸ್ಪ್ರಿಂಗ್ ಸೋತಿರುತ್ತದೆ, ಸ್ಪಿಂಡಲ್ ಸುತ್ತ ಮಸಿ ಕಟ್ಟಿರುತ್ತದೆ. ಆಗ ಈ ಸಣ್ಣ ತಳ್ಳಾಟ ಸಾಕು, ಕೊನೆಯ ನಾಲ್ಕೈದು ಡಿಗ್ರಿ ಮುಚ್ಚಿಕೊಳ್ಳದೆ ಉಳಿಯುತ್ತದೆ. ಕಾತ್ರಜ್ ಘಾಟ್ ಇಳಿಯುವಾಗ ಇಂಜಿನ್ ಬ್ರೇಕಿಂಗ್ ಸಿಗದಿದ್ದರೆ ಹೇಗಿರುತ್ತದೆ ಎಂದು ವಿವರಿಸಬೇಕಿಲ್ಲ. ನಿಮ್ಮದರಲ್ಲಿ ಸ್ಪ್ರಿಂಗ್ ಇದ್ದರೆ, ಸ್ಪಿಂಡಲ್‌ನ ಇನ್ನೊಂದು ತುದಿಗೆ ಹಾಕಲು ಸಾಧ್ಯವೇ ನೋಡಿ, ಅಲ್ಲಿಂದ ನೋಡಿದರೆ ದಿಕ್ಕು ತಾನೇ ಸರಿಹೋಗುತ್ತದೆ. ಆ ತುದಿಯಲ್ಲಿ ಕೇಬಲ್ಲಿನ ಚಕ್ರ ಇರುತ್ತದೆ ಎನ್ನುವುದೇ ತೊಡಕು. ಆಗದಿದ್ದರೆ ಸರಿ ದಿಕ್ಕಿನದನ್ನೇ ಕೊಳ್ಳಿ. ಇನ್ನೂರು ಮುನ್ನೂರು ಉಳಿಸಲು ಹೋಗುವ ಜಾಗ ಇದಲ್ಲ.

ಅಡಾಪ್ಟರ್ ವಿಷಯಕ್ಕೆ ಬರೋಣ. ನೀವು ಭೋಸರಿಯಲ್ಲಿದ್ದೀರಿ, ಲೇತ್ ಹುಡುಕುತ್ತ ಹೋಗಬೇಕಿಲ್ಲ. ಎರಡು ತುಂಡು ಬೇಕು: ಸ್ಪಿಂಡಲ್ ತುದಿಯನ್ನು ಡಿ ಆಕಾರಕ್ಕೆ ತರುವ ಒಂದು ಸಣ್ಣ ಕೊಂಡಿ, ಸೆನ್ಸರನ್ನು ಬಾಡಿಗೆ ಹಿಡಿಯುವ ಒಂದು ತಟ್ಟೆ. ಸಾಮಾನ್ಯ ಡಿ ಸ್ಪಿಂಡಲ್ 8 ಮಿ.ಮೀ. ದಪ್ಪ ಇರುತ್ತದೆ, ಆದರೆ ನಿಮ್ಮ ಸೆನ್ಸರ್‌ನ ತೂತನ್ನೇ ಅಳೆದು ಕಡಿಯಿರಿ. ಕೊಂಡಿಗೆ ಹಿತ್ತಾಳೆ ಸಾಕು. ಡಿ ಚಪ್ಪಟೆಯ ಮೇಲೆ ಸಡಿಲ ಇರಬಾರದು. ಸಡಿಲ ಇದ್ದರೆ ಥ್ರಾಟಲ್ ತೆರೆಯುವಾಗ ಒಂದು ಅಂಕಿ, ಅದೇ ಜಾಗಕ್ಕೆ ಮುಚ್ಚುತ್ತ ಬಂದಾಗ ಇನ್ನೊಂದು. ಸೆನ್ಸರ್‌ನ ಸ್ಪ್ರಿಂಗ್ ಈ ಸಡಿಲವನ್ನು ಒಂದು ಬದಿಗೆ ಒತ್ತಿ ಹಿಡಿಯುತ್ತದೆ, ಅದಕ್ಕೇ ಸ್ಪ್ರಿಂಗ್ ಇರುವುದು ವಾಸಿ, ದಿಕ್ಕು ಸರಿ ಇದ್ದರೆ. ಉದ್ದದ ಕಡೆಗೆ ಮಾತ್ರ ಅರ್ಧ ಮಿಲಿಮೀಟರ್ ಜಾಗ ಬಿಡಲೇಬೇಕು, ಸ್ಪಿಂಡಲ್ ಸೆನ್ಸರ್‌ನ ತಳಕ್ಕೆ ಒತ್ತಬಾರದು.

ತಟ್ಟೆಯಲ್ಲಿ ಮುಖ್ಯವಾದದ್ದು ಕೇಂದ್ರ. ಸೆನ್ಸರ್‌ನ ಬೆನ್ನಿಗೆ ಒಂದು ದುಂಡು ಉಬ್ಬು ಇರುತ್ತದೆ, ಅದು ಕೂರುವ ತೂತನ್ನು ಸ್ಪಿಂಡಲ್‌ನ ನೇರಕ್ಕೇ ಕೊರೆಯಬೇಕು. ಕಣ್ಣಂದಾಜಿನಲ್ಲಿ ಆಗುವ ಕೆಲಸವಲ್ಲ. ಸ್ಪಿಂಡಲ್‌ನ ಮೇಲೆ ಸರಿಯಾಗಿ ಕೂರುವ ಒಂದು ಬುಷ್ ಕಡಿದು, ಅದರ ಹೊರ ವ್ಯಾಸ ತಟ್ಟೆಯ ತೂತಿಗೆ ಸರಿಹೊಂದುವಂತೆ ಮಾಡಿ. ಆ ಬುಷ್ ಕೂರಿಸಿಯೇ ತಟ್ಟೆಯ ಸ್ಕ್ರೂ ಬಿಗಿಯಿರಿ, ಆಮೇಲೆ ಬುಷ್ ತೆಗೆಯಿರಿ. ಈಗ ಸೆನ್ಸರ್ ಕೂರಿಸಿ, ಸ್ಕ್ರೂ ಸಡಿಲ ಇರುವಾಗಲೇ ಥ್ರಾಟಲನ್ನು ಹಲವು ಸಲ ತೆರೆದು ಮುಚ್ಚಿ, ತನ್ನ ಜಾಗವನ್ನು ಅದೇ ಕಂಡುಕೊಳ್ಳುತ್ತದೆ, ನಂತರ ಬಿಗಿಯಿರಿ. ಸೆನ್ಸರ್ ಸ್ಕ್ರೂಗಳ ತೂತು ಸ್ವಲ್ಪ ಬಾಗಿದ ಉದ್ದ ತೂತಾಗಿರಲಿ, ಹತ್ತು ಡಿಗ್ರಿ ಆಚೀಚೆ ತಿರುಗಿಸಲು ಬರುವಂತೆ.

ಆ ಹತ್ತು ಡಿಗ್ರಿ ಯಾಕೆಂದರೆ, ಬಟರ್‌ಫ್ಲೈ (ಥ್ರಾಟಲ್ ಒಳಗೆ ತಿರುಗುವ ಬಿಲ್ಲೆ) ಸುಮಾರು 80 ಡಿಗ್ರಿ ತಿರುಗುತ್ತದೆ, ಸೆನ್ಸರ್‌ಗೆ ಅದಕ್ಕಿಂತ ಕೊಂಚ ಹೆಚ್ಚು ಓಟ ಇರುತ್ತದೆ. ಈ ಹೆಚ್ಚುವರಿಯನ್ನು ಎರಡೂ ತುದಿಗೆ ಹಂಚಬೇಕು. ಥ್ರಾಟಲ್ ತನ್ನ ಸ್ಟಾಪ್‌ಗೆ ತಾಗುವ ಮೊದಲೇ ಸೆನ್ಸರ್ ತನ್ನ ಒಳಗಿನ ಸ್ಟಾಪ್‌ಗೆ ತಾಗಿದರೆ, ನಿಮ್ಮ ಕಾಲಿನ ಬಲವೆಲ್ಲ ಆ ಪ್ಲಾಸ್ಟಿಕ್ ಮೇಲೆ ಬೀಳುತ್ತದೆ. ಒಡೆದ ಚೂರು ಒಳಗೆ ಸಿಕ್ಕಿಕೊಂಡರೆ ಥ್ರಾಟಲ್ ಅಲ್ಲೇ ನಿಲ್ಲುತ್ತದೆ. ಮುಚ್ಚಿದಾಗ ಸಿಗ್ನಲ್ 0.4ರಿಂದ 0.7 ವೋಲ್ಟ್, ಪೂರ್ತಿ ತೆರೆದಾಗ 4ರಿಂದ 4.6 ವೋಲ್ಟ್ ಬರುವಂತೆ ತಿರುಗಿಸಿ ಬಿಗಿಯಿರಿ. ಸೊನ್ನೆಗೆ ಅಥವಾ ಐದಕ್ಕೆ ತೀರಾ ಹತ್ತಿರ ಬಿಡಬೇಡಿ. ಸಿಗ್ನಲ್ ಗ್ರೌಂಡ್‌ಗೆ ಶಾರ್ಟ್ ಆದಾಗ ಸೊನ್ನೆ, ಸೆನ್ಸರ್‌ನ ಗ್ರೌಂಡ್ ಕಡಿದಾಗ ಐದು ಬರುತ್ತದೆ. ಆ ಎರಡು ತುದಿಗಳನ್ನು ಕಾಯಿಲೆಯ ಗುರುತಿಗೆಂದೇ ಖಾಲಿ ಬಿಡುವುದು ವಾಡಿಕೆ.

ಬಿಗಿದ ಮೇಲೆ ಕೇಬಲ್ ಬಿಚ್ಚಿ, ಕೈಯಿಂದ ಥ್ರಾಟಲ್ ಪೂರ್ತಿ ತೆರೆದು ಬಿಡಿ, ಟಪ್ ಎಂದು ಮುಚ್ಚಬೇಕು. ಅರ್ಧದಿಂದ ಬಿಡಿ, ಕಾಲು ಭಾಗದಿಂದ ಬಿಡಿ. ಕೊನೆಗೆ ಕೂದಲೆಳೆಯಷ್ಟು ಮಾತ್ರ ತೆರೆದು, ಬೆರಳಿನ ತುದಿಯಲ್ಲಿ ಮೆಲ್ಲಗೆ ಬಿಡುತ್ತ ಬನ್ನಿ, ಆಗಲೂ ಸ್ಟಾಪ್ ಸ್ಕ್ರೂಗೆ ತಾಗಬೇಕು. ಇದನ್ನೇ ಇಂಜಿನ್ ಚೆನ್ನಾಗಿ ಕಾದ ಮೇಲೆ ಮತ್ತೆ ಮಾಡಿ. ಅಲ್ಯೂಮಿನಿಯಂ ಬಾಡಿ, ಹಿತ್ತಾಳೆ ಕೊಂಡಿ, ಪ್ಲಾಸ್ಟಿಕ್ ಸೆನ್ಸರ್ ಮೂರೂ ಬಿಸಿಗೆ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುತ್ತವೆ. ತಣ್ಣಗಿದ್ದಾಗ ಸರಿಯಿದ್ದು ಬಿಸಿಯಾದಾಗ ತಡವರಿಸಿದರೆ ತಟ್ಟೆಯ ಕೇಂದ್ರ ತಪ್ಪಿದೆ ಎಂದರ್ಥ. ಇದು ಪಾಸಾಗದೆ ಗಾಡಿ ಗೇಟ್ ದಾಟಬಾರದು.

ವೈರಿಂಗ್‌ನಲ್ಲಿ ಒಂದೇ ಕಡೆ ಹೆಚ್ಚು ಜನ ಎಡವುತ್ತಾರೆ: ಗ್ರೌಂಡ್. ಸೆನ್ಸರ್‌ನ ಗ್ರೌಂಡ್ ವೈರ್ ಈಸಿಯುನ ಸೆನ್ಸರ್ ಗ್ರೌಂಡ್ ಪಿನ್‌ಗೇ ಹೋಗಬೇಕು, ಹತ್ತಿರ ಸಿಕ್ಕ ಬೋಲ್ಟ್‌ಗಲ್ಲ. ಇಂಜಿನ್ ಬ್ಲಾಕ್‌ನಲ್ಲಿ ಸ್ಟಾರ್ಟರ್, ಇಂಜೆಕ್ಟರ್, ಇಗ್ನಿಷನ್ ಕಾಯಿಲ್ ಎಲ್ಲದರ ಕರೆಂಟ್ ಓಡುತ್ತಿರುತ್ತದೆ, ಹಳೆಯ ಪದ್ಮಿನಿಯ ಅರ್ಥಿಂಗ್ ಪಟ್ಟಿ ತುಕ್ಕು ಹಿಡಿದಿದ್ದರೆ ಬ್ಲಾಕಿನ ವೋಲ್ಟೇಜೇ ಸ್ವಲ್ಪ ಮೇಲೆ ಕೆಳಗೆ ತೇಲುತ್ತಿರುತ್ತದೆ. ಪರೀಕ್ಷೆ ಸುಲಭ. ಇಂಜಿನ್ ಐಡಲ್‌ನಲ್ಲಿರುವಾಗ ಲ್ಯಾಪ್‌ಟಾಪ್‌ನಲ್ಲಿ ಥ್ರಾಟಲ್ ಅಂಕಿ ನೋಡುತ್ತ ಹೆಡ್‌ಲೈಟ್, ಹಾರ್ನ್, ಗಾಜಿನ ವೈಪರ್ ಹಾಕಿ. ಅಂಕಿ ಅಲುಗಿದರೆ ಗ್ರೌಂಡ್ ಹುಡುಕಿ. ಮ್ಯಾಪ್ ಸೆನ್ಸರ್‌ಗೂ ಇದೇ ಐದು ವೋಲ್ಟ್, ಇದೇ ಗ್ರೌಂಡ್, ಹಾಗಾಗಿ ಒಂದು ಕಡೆ ಶಾರ್ಟ್ ಆದರೆ ಎರಡೂ ಕುರುಡಾಗುತ್ತವೆ. ಹಳೆಯ ತಾಮ್ರದ ಪ್ಲಗ್ ವೈರ್ ಇನ್ನೂ ಇದ್ದರೆ ರೆಸಿಸ್ಟರ್ ಇರುವಂಥದಕ್ಕೆ ಬದಲಿಸಿ, ಸಿಗ್ನಲ್ ವೈರ್ ಅವುಗಳಿಂದ ದೂರ ಇರಲಿ. ಕನೆಕ್ಟರ್ ನೀರು ಬಿಗಿಯಾದದ್ದೇ ಹಾಕಿ, ಬಾಯಿ ಕೆಳಗೆ ಇರುವಂತೆ. ಜುಲೈನಲ್ಲಿ ತಾಮ್ಹಿಣಿ ಘಾಟ್ ಕಡೆ ಒಮ್ಮೆ ಹೋದರೆ ಸಾಕು, ಯಾವ ಜೋಡಣೆ ಟೇಪ್ ಸುತ್ತಿದ್ದು ಎಂದು ಮಳೆಯೇ ತೋರಿಸಿಕೊಡುತ್ತದೆ.

ಕ್ಯಾಲಿಬ್ರೇಶನ್, ಸ್ಪೀಡುಯಿನೊ ಹೊಂದಿಸುವ ಲ್ಯಾಪ್‌ಟಾಪ್ ತಂತ್ರಾಂಶವಾದ ಟ್ಯೂನರ್‌ಸ್ಟುಡಿಯೊದಲ್ಲಿ ಎರಡು ಕ್ಲಿಕ್‌ನ ಕೆಲಸ. ಇಂಜಿನ್ ಆಫ್, ಇಗ್ನಿಷನ್ ಆನ್. ಪೂರ್ತಿ ತೆರೆದ ಅಂಕಿಯನ್ನು ಬಾನೆಟ್ ಬಳಿ ಕೈಯಿಂದ ಎಳೆದು ತೆಗೆದುಕೊಳ್ಳಬೇಡಿ, ಸೀಟಿನಲ್ಲಿ ಕೂತು ಪೆಡಲ್ ತುಳಿದು ತೆಗೆದುಕೊಳ್ಳಿ. ಎರಡೂ ಬೇರೆ ಬಂದರೆ ಕೇಬಲ್ ಪೂರ್ತಿ ಎಳೆಯುತ್ತಿಲ್ಲ, ಅದನ್ನು ಮೊದಲು ಸರಿಮಾಡಿ. ಸ್ಪೀಡುಯಿನೊ ಈ ಅಳತೆಯನ್ನು 0ಯಿಂದ 255ರ ಒಳಗೆ ಇಟ್ಟುಕೊಳ್ಳುತ್ತದೆ. 0.55 ವೋಲ್ಟ್ ಎಂದರೆ 28, 4.3 ಎಂದರೆ 219, ನಡುವೆ 191 ಮೆಟ್ಟಿಲು, ಅಂದರೆ ಒಂದು ಮೆಟ್ಟಿಲಿಗೆ ಅರ್ಧ ಶೇಕಡಾ. ನಿಮ್ಮ ಸೆನ್ಸರ್‌ನ ಒಟ್ಟು ಏರಿಕೆ ಬರೇ ಒಂದೂವರೆ ವೋಲ್ಟ್ ಆದರೆ ಮೆಟ್ಟಿಲು 76ಕ್ಕೆ ಇಳಿಯುತ್ತದೆ. ಅರ್ಧ ಓಟ ಮಾತ್ರ ಬಳಸುವ ಸೆನ್ಸರ್ ಬೇಡ ಎನ್ನುವುದು ಇದಕ್ಕೇ. ಐಡಲ್ ಸ್ಟಾಪ್ ಸ್ಕ್ರೂ ಮುಟ್ಟಿದಾಗಲೆಲ್ಲ ಮುಚ್ಚಿದ ಅಂಕಿಯನ್ನು ಹೊಸದಾಗಿ ತೆಗೆದುಕೊಳ್ಳಬೇಕು.

ನಿಮ್ಮ ಜೋಡಣೆಯಲ್ಲಿ ಈ ಸೆನ್ಸರ್‌ಗೆ ಅಷ್ಟು ದೊಡ್ಡ ಪಾತ್ರ ಇಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಮ್ಯಾಪ್ ಸೆನ್ಸರ್ ಇದೆ, ಒಂದೇ ಬಟರ್‌ಫ್ಲೈ ಇದೆ. ಎಷ್ಟು ಪೆಟ್ರೋಲ್ ಎಂದು ಮ್ಯಾನಿಫೋಲ್ಡ್ ಒತ್ತಡವೇ ತೀರ್ಮಾನಿಸಲಿ. ಥ್ರಾಟಲ್ ಕೋನದಿಂದಲೇ ಪೆಟ್ರೋಲ್ ಲೆಕ್ಕ ಹಾಕುವ ಆಲ್ಫಾ-ಎನ್ ಪದ್ಧತಿ ಸಿಲಿಂಡರಿಗೊಂದು ಥ್ರಾಟಲ್ ಇರುವವರಿಗೆ, ಅಲ್ಲಿ ಒತ್ತಡದ ಅಂಕಿ ಸ್ಥಿರವಾಗಿ ಸಿಗುವುದಿಲ್ಲ. ರೇಸ್ ಗಾಡಿ ಹಾಗಿರುತ್ತದೆ ಎಂದು ಯಾರೋ ಹೇಳಿದರೆಂದು ನೀವು ಅದಕ್ಕೆ ಹೋಗಬೇಡಿ. ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಮೇಲಿದೆ, ಇಲ್ಲಿನ ಗಾಳಿಯ ಒತ್ತಡ 95 ಕಿಲೊಪಾಸ್ಕಲ್ ಆಸುಪಾಸು, ಕೊಂಕಣದಲ್ಲಿ 101. ಇಲ್ಲಿ ಆಲ್ಫಾ-ಎನ್‌ನಲ್ಲಿ ಟ್ಯೂನ್ ಮಾಡಿ ಒತ್ತಡದ ತಿದ್ದುಪಡಿ ಇಲ್ಲದೆ ಮುಂಬೈಗೋ ಗೋವಾಕ್ಕೋ ಇಳಿದರೆ, ಅದೇ ಥ್ರಾಟಲ್‌ಗೆ ಗಾಳಿ ಆರು ಶೇಕಡಾ ಹೆಚ್ಚು, ಪೆಟ್ರೋಲ್ ಮೊದಲಿನಷ್ಟೇ. ಇಂಜಿನ್ ಲೀನ್ ಆಗಿ, ಅಂದರೆ ಗಾಳಿಗೆ ತಕ್ಕ ಪೆಟ್ರೋಲ್ ಸಾಲದೆ, ಬಿಸಿಯಾಗುತ್ತದೆ.

ಹಾಗಾದರೆ ಸೆನ್ಸರ್ ಯಾವುದಕ್ಕೆ? ಮುಖ್ಯವಾಗಿ ಪಿಕಪ್‌ಗೆ. ಆಕ್ಸಿಲರೇಟರ್ ಒಮ್ಮೆಲೇ ತುಳಿದಾಗ ಗಾಳಿ ನುಗ್ಗುತ್ತದೆ, ಪೆಟ್ರೋಲ್ ಒಂದಿಷ್ಟು ಗೋಡೆಗೆ ಅಂಟಿ ಹಿಂದುಳಿಯುತ್ತದೆ. ಕಾರ್ಬುರೇಟರ್‌ನಲ್ಲಿ ಆಕ್ಸಿಲರೇಟರ್ ಪಂಪ್ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಈಸಿಯು, ಥ್ರಾಟಲ್ ಎಷ್ಟು ವೇಗವಾಗಿ ತೆರೆಯಿತು ಎಂದು ನೋಡಿ ಮಾಡುತ್ತದೆ. ಸೆನ್ಸರ್ ನಡುಗುತ್ತಿದ್ದರೆ ನೀವು ಪೆಡಲ್ ಮುಟ್ಟದಿದ್ದರೂ ಅದು ಪೆಟ್ರೋಲ್ ಸುರಿಯುತ್ತದೆ. ಸೆಕೆಂಡಿಗೆ 30 ಸಲ ಓದುವುದಾದರೆ, ಅರ್ಧ ಶೇಕಡಾದ ಒಂದೇ ಮೆಟ್ಟಿಲ ನಡುಕವೂ ಸೆಕೆಂಡಿಗೆ 15 ಶೇಕಡಾ ವೇಗದಂತೆ ಕಾಣುತ್ತದೆ. ಐಡಲ್‌ನಲ್ಲಿ ಲಾಗ್ (ಅಂಕಿಗಳ ದಾಖಲೆ) ತೆಗೆದು ಆ ವೇಗದ ಅಂಕಿ ಎಲ್ಲಿಯವರೆಗೆ ಹಾರುತ್ತದೆ ನೋಡಿ, ಪಿಕಪ್‌ನ ಹೆಚ್ಚುವರಿ ಪೆಟ್ರೋಲ್ ಶುರುವಾಗುವ ಮಿತಿಯನ್ನು ಅದರ ಮೇಲಿಡಿ. ಸಿಗ್ನಲ್ ವೈರಿಗೆ ದೊಡ್ಡ ಕೆಪಾಸಿಟರ್ ಹಾಕಿ ನಡುಕ ನಿಲ್ಲಿಸುವುದು ಬೇಡ, ನಡುಕದ ಜೊತೆ ಪಿಕಪ್ಪೂ ನಿಲ್ಲುತ್ತದೆ. ಇದರ ಜೊತೆಗೆ, ಇಳಿಜಾರಿನಲ್ಲಿ ಕಾಲು ತೆಗೆದಾಗ ಪೆಟ್ರೋಲ್ ನಿಲ್ಲಿಸುವುದಕ್ಕೂ ಇದರ ಸಿಗ್ನಲ್ ಬೇಕು.

ಕಾನೂನಿನ ಮಾತು ಚಿಕ್ಕದಾಗಿ: ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರ ವಿವರಕ್ಕಿಂತ ಗಾಡಿ ಬೇರೆಯಾಗುವಂಥ ಬದಲಾವಣೆಗೆ ತಡೆ ಹಾಕುತ್ತದೆ. ಹದಿನೈದು ವರ್ಷ ದಾಟಿದ ಗಾಡಿಯ ನೋಂದಣಿ ಐದೈದು ವರ್ಷಕ್ಕೆ ನವೀಕರಣಕ್ಕೆ ಬರುತ್ತದೆ, ಆಗ ಬಾನೆಟ್ ಎತ್ತುವುದು ಇದ್ದದ್ದೇ. ರಸ್ತೆಗೆ ಇಳಿಸುವ ಮೊದಲು ಪಿಂಪ್ರಿ-ಚಿಂಚವಡ ಆರ್‌ಟಿಒದಲ್ಲಿ ವಿಚಾರಿಸಿ. ಕಾರ್ಬುರೇಟರ್ ಮತ್ತು ಹಳೆಯ ಮ್ಯಾನಿಫೋಲ್ಡ್ ಎಣ್ಣೆ ಹಚ್ಚಿ ಎತ್ತಿಡಿ, ಗುಜರಿಗೆ ಹಾಕಬೇಡಿ.

ಮೊದಲ ಸಲ ಸ್ಟಾರ್ಟ್ ಮಾಡುವಾಗ ಒಂದು ವಿಷಯ ತಲೆಯಲ್ಲಿರಲಿ. ಪೆಟ್ರೋಲ್ ಹೆಚ್ಚಾಗಿ ಪ್ಲಗ್ ಒದ್ದೆಯಾದಾಗ ಬಳಸಲೆಂದು ಈ ಈಸಿಯುಗಳಲ್ಲಿ ಫ್ಲಡ್ ಕ್ಲಿಯರ್ ಎಂಬ ವ್ಯವಸ್ಥೆ ಇದೆ: ಪೆಡಲ್ ಪೂರ್ತಿ ತುಳಿದು ಸ್ಟಾರ್ಟರ್ ತಿರುಗಿಸಿದರೆ ಇಂಜೆಕ್ಟರ್ ಬಂದ್. ಈಗ ಸೆನ್ಸರ್‌ನ ಗ್ರೌಂಡ್ ಕಡಿದಿದ್ದರೆ, ಅಥವಾ ಕ್ಯಾಲಿಬ್ರೇಶನ್ ತಲೆಕೆಳಗಾಗಿದ್ದರೆ, ನೀವು ಪೆಡಲ್ ಮುಟ್ಟದಿದ್ದರೂ ಈಸಿಯುಗೆ 100 ಶೇಕಡಾ ಕಾಣುತ್ತದೆ. ಪಂಪ್ ಗುಂಯ್ ಎನ್ನುತ್ತದೆ, ಕಿಡಿ ಬರುತ್ತದೆ, ಪ್ರೆಶರ್ ಸರಿ ಇರುತ್ತದೆ, ಇಂಜಿನ್ ಮಾತ್ರ ಹಿಡಿಯುವುದಿಲ್ಲ, ಪ್ಲಗ್ ಬಿಚ್ಚಿ ನೋಡಿದರೆ ಒಣಕಲು. ಜನ ಪಂಪು, ರಿಲೇ, ಇಂಜೆಕ್ಟರ್ ಎಲ್ಲ ಬಿಚ್ಚಿ ಗುಡ್ಡೆ ಹಾಕಿಕೊಂಡು ಕೂರುತ್ತಾರೆ. ನೀವು ಮೊದಲು ಪರದೆಯ ಮೇಲಿನ ಥ್ರಾಟಲ್ ಅಂಕಿ ನೋಡಿ. ಸೊನ್ನೆ ಇದ್ದೂ ಹಿಡಿಯದಿದ್ದರೆ, ಕ್ರ್ಯಾಂಕ್ ಮಾಡುವಾಗಿನ ಲಾಗ್ ಜೊತೆ ಮತ್ತೆ ಬರೆಯಿರಿ.